ಗಾಳಿ ಅವರದು, ಕೆಲಸ ನಮ್ಮದು

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಮಗ ರಾಜಣ್ಣನ ಮಗಳು ಪವಿತ್ರ, ಪಿರಿಯಾಪಟ್ಟಣದ ಪಕ್ಕದ ನಮ್ಮೂರಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದಿನ ಬೂದಿಯಲ್ಲಿ ಆಡಿ ಬೆಳೆದ ಕೂಸು, ಈಗ ಗದಗದ ಸೀಮೆಯಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯ ಖಾಯಂ ಕೆಲಸಗಾರ್ತಿ. ಕೈಗೆ ಕಾಗದ ಬಂದಿದೆ. ಮೇಲೆ ಅವಳ ಹೆಸರು, ಅದರ ಕೆಳಗೆ ಅವಳಪ್ಪನ ಹೆಸರು, ಕೊನೆಗೆ ಮೊಹರು. ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟವಳು ನಾನು, ಆದರೂ ಒಂದೊಂದೇ ಅಕ್ಷರ ಹಿಡಿದು ಎರಡು ಸಲ ಓದಿದೆ. ಮುದುಕಿಯರು ಕುಣಿಯಬಾರದು ಅನ್ನುತ್ತಾರೆ. ಅಂಗಳದಲ್ಲಿ ಕುಣಿದೆ, ಸೊಸೆ ಮಂಜುಳ ಸೆರಗು ಹಿಡಿದು ಎಳೆದು ಕೂರಿಸಿದಳು.

ಆ ಕುಣಿತ ಎಷ್ಟು ಹೊತ್ತು ಇತ್ತು, ಆಮೇಲೆ ಏನಾಯಿತು ಅನ್ನುವುದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಾವು ಈ ಊರಿಗೆ ಬಂದ ಮೊದಲ ಬೆಳಗ್ಗೆ ನಾನು ಮನೆಯೊಳಗಿನಿಂದ ಚೀರಿಕೊಂಡು ಹೊರಗೆ ಓಡಿದ್ದೆ. ಹೊತ್ತು ಹುಟ್ಟಿ ಬಿಸಿಲು ಗೋಡೆಗೆ ಬಿದ್ದಿತ್ತು. ಆ ಬಿಸಿಲಿನ ಮೇಲೆ ಒಂದು ಕಪ್ಪು ತೋಳು ಸರಕ್ಕನೆ ಹಾದುಹೋಯಿತು. ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಮತ್ತೊಂದು. ಯಾರೋ ದೊಡ್ಡವರು ಊರಿನ ಮೇಲೆ ನಿಂತು ನೆರಳಿನ ಕುಡುಗೋಲಿನಲ್ಲಿ ಬಿಸಿಲು ಕುಯ್ಯುತ್ತಿದ್ದ ಹಾಗಿತ್ತು. ಮನೆಯ ಹಿಂದಿನ ಹೊಲದಲ್ಲಿ ಅದು ನಿಂತಿತ್ತು, ಮೂರು ರೆಕ್ಕೆಯದು. ರಾತ್ರಿ ಕತ್ತಲಲ್ಲಿ ಬಂದಿಳಿದವರಿಗೆ ಕಂಡಿರಲಿಲ್ಲ. ಇಲ್ಲಿನವರು ಅದಕ್ಕೆ ಫ್ಯಾನು ಅನ್ನುತ್ತಾರೆ. ನಮ್ಮ ಕಡೆ ಫ್ಯಾನು ಅಂದರೆ ಕರೆಂಟು ತಿಂದು ಗಾಳಿ ಕೊಡುವುದು, ಇಲ್ಲಿ ಗಾಳಿ ತಿಂದು ಕರೆಂಟು ಕೊಡುವುದು.

ನನ್ನ ಚೀರಾಟಕ್ಕೆ ಪಕ್ಕದ ಬಾಗಿಲಿನಿಂದ ಮನೆಯೊಡತಿ ಶಂಕ್ರವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು. ನನ್ನ ವಾರಿಗೆಯವಳೇ. "ಅಂಜಬ್ಯಾಡ್ರಿ ಯವ್ವಾ, ಅದು ನಮ್ಮ ಹೊಲದ್ದ ಐತಿ, ಮನಿಯೊಳಗ ಬರಂಗಿಲ್ಲ," ಅಂದಳು. ಆ ದಿನದಿಂದ ನನಗೆ ಈ ಊರಲ್ಲಿ ಮೈಸೂರವ್ವ ಅಂತ ಹೆಸರು ಬಿತ್ತು. ಮೈಸೂರನ್ನು ನಾನು ಮೂರೋ ನಾಲ್ಕೋ ಸಲ ನೋಡಿರಬಹುದು.

ಯಾಕೆ ಬಂದಿರಿ ಅಂತ ಕೇಳುತ್ತೀರಿ. ಬರದೆ ಏನು ಮಾಡಬೇಕಿತ್ತು? ನಮ್ಮದು ಹೊಗೆಸೊಪ್ಪಿನ ಮನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಎತ್ತರದ ಮನೆಯಲ್ಲಿ ಸಾಲು ಸಾಲು ನೇತುಹಾಕಿ, ಕೆಳಗೆ ಒಲೆಗೆ ಸೌದೆ ನೂಕಿ ಐದಾರು ದಿನ ಹಗಲೂ ರಾತ್ರಿ ಬೇಯಿಸಬೇಕು. ನನ್ನ ಯಜಮಾನರು ಆ ಒಲೆಯ ಮುಂದೆಯೇ ಅರ್ಧ ಆಯಸ್ಸು ಕಳೆದು, ಮಿಕ್ಕ ಅರ್ಧವನ್ನು ಕೆಮ್ಮುತ್ತಾ ಮುಗಿಸಿದರು. ನಮ್ಮ ತೋಪು ಸುಟ್ಟೆವು, ನೆಂಟರ ತೋಪು ಸುಟ್ಟೆವು, ಎಚ್.ಡಿ. ಕೋಟೆ ಕಡೆಯಿಂದ ಲಾರಿಯಲ್ಲಿ ಬಂದದ್ದನ್ನೂ ಸುಟ್ಟೆವು. ಆಮೇಲೆ ಹೇಳುವವರು ಬಂದರು. ಕಾಡು ಹೋಗುತ್ತಿದೆ, ಹೊಗೆಸೊಪ್ಪು ಬಿಡಿ, ಬೇರೆ ಏನಾದರೂ ಬೆಳೆಯಿರಿ ಅಂದರು. ಸುಳ್ಳಲ್ಲ ಅವರು ಹೇಳಿದ್ದು. ಏನು ಬೆಳೆಯಲಿ, ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ, ಸೊಪ್ಪು ಕಟ್ಟುವ ಹೆಂಗಸರ ಕೈಗೆ ಇನ್ನೇನು ಕೆಲಸ ಅಂತ ನಾನು ಎದ್ದು ನಿಂತು ಕೇಳಿದೆ. ಬರೆದುಕೊಳ್ಳುತ್ತೇವೆ ಅಂದರು. ಇನ್ನೂ ಬರೆದುಕೊಳ್ಳುತ್ತಲೇ ಇರಬೇಕು.

ಕೊನೆಗೆ ಬ್ಯಾರನ್ ಸೂರಿಗೆ ಒಂದು ಸಲ ಬೆಂಕಿ ಹತ್ತಿತು. ರಾಜಣ್ಣ ಮತ್ತೆ ಕಟ್ಟಲಿಲ್ಲ. ಪವಿತ್ರ ಆಗ ಹುಣಸೂರಿನಲ್ಲಿ ಐ.ಟಿ.ಐ. ಎಲೆಕ್ಟ್ರಿಕಲ್ ಓದುತ್ತಿದ್ದಳು, ಆ ತರಗತಿಗೆಲ್ಲ ಒಬ್ಬಳೇ ಹುಡುಗಿ. ಮುಗಿಸಿದವಳು ಕೆ.ಆರ್. ನಗರದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಿರ್ಲೆಯ ನನ್ನ ತಂಗಿಯ ಮನೆಯಿಂದ ಹೋಗಿ ಬರುತ್ತಿದ್ದಳು. ಸರಗೂರಿನ ಕಡೆ ಹೊಲಗಳಲ್ಲಿ ಬಿಸಿಲಿನಿಂದ ಓಡುವ ಪಂಪು ಕೂರಿಸುವವರ ಜೊತೆ ದಿನಗೂಲಿಗೂ ಹೋದಳು. ಆ ಕೆಲಸ ನಾಲ್ಕು ದಿನ ಇದ್ದರೆ ನಲವತ್ತು ದಿನ ಇರುತ್ತಿರಲಿಲ್ಲ. ಅದೇ ಕೆಲಸ ವರ್ಷವಿಡೀ ಇದ್ದಿದ್ದರೆ ಈ ಅಜ್ಜಿ ಈ ವಯಸ್ಸಿನಲ್ಲಿ ಗಂಟು ಕಟ್ಟಿ ಬಿಳಿಕೆರೆ ದಾಟಿ ಇಷ್ಟು ದೂರ ಬರುತ್ತಿದ್ದಳೇ? ನಮ್ಮ ಹುಣಸೂರಿನ ಮೇಲೆ ಸೂರ್ಯ ಹುಟ್ಟುವುದಿಲ್ಲವೇ?

ಗಾಳಿ ಕಂಪನಿಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು ಅಂದಾಗ ಹುಡುಗಿ ಒಬ್ಬಳೇ ಬೇಡ ಅಂತ ಎಲ್ಲರೂ ಬಂದೆವು. ರಾಜಣ್ಣ ಇಲ್ಲಿ ಕೆಲಸಗಾರರನ್ನು ಕೂರಿಸಿಕೊಂಡು ಹೋಗುವ ಬಾಡಿಗೆ ಜೀಪು ಓಡಿಸುತ್ತಾನೆ. ಮನೆ ಹುಡುಕಿದ್ದು ಒಂದು ಕಥೆ. ಹುಡುಗಿ ಕಂಬ ಹತ್ತುತ್ತಾಳಂತೆ ಅಂದ ಕೂಡಲೇ ಮನೆ ಖಾಲಿ ಇಲ್ಲ ಅನ್ನುವವರು. ಒಬ್ಬಾತ, ಮೇಲಿಂದ ನಮ್ಮ ಬಚ್ಚಲು ಕಾಣತೈತಿ ಅಂದನಂತೆ. ಶಂಕ್ರವ್ವ ಒಬ್ಬಳೇ, "ಹತ್ತಲಿ ಬಿಡ್ರಿ, ಮ್ಯಾಲಿಂದ ನಮ್ಮ ಎಮ್ಮಿ ತಪ್ಪಿಸ್ಕೊಂಡ್ರ ಎಲ್ಲೈತಿ ಅಂತ ಹೇಳ್ತಾಳ," ಅಂತ ಬೀಗ ತೆಗೆದು ಕೊಟ್ಟಳು.

ಅಲ್ಲಿ ನಮ್ಮದು ಹೆಂಚಿನ ಮನೆ, ಇಲ್ಲಿ ಮೇಲೆ ಮಣ್ಣು ಹಾಸಿದ ಮಾಳಿಗೆ. ಅಲ್ಲಿ ಮುದ್ದೆ ನುಂಗುವುದು, ಇಲ್ಲಿ ರೊಟ್ಟಿ ಅಗಿಯುವುದು. ನನಗಿರುವ ಹಲ್ಲಿಗೆ ಅವರ ಕಟಕ ರೊಟ್ಟಿ, ಅಂದರೆ ಒಣಗಿಸಿ ಇಟ್ಟ ಜೋಳದ ರೊಟ್ಟಿ, ಮಾಳಿಗೆಯ ಜಂತೆ ಕಡಿದ ಹಾಗೆ. ಶಂಕ್ರವ್ವ ನನಗೆ ಅಂತಲೇ ಮೆತ್ತನೆಯದು ಎರಡು ತೆಗೆದಿಡತೊಡಗಿದಳು. ನಾನು ಮುದ್ದೆ ಕೊಟ್ಟರೆ ಅವಳು ಅಗಿದಳು. ಅಗಿಯಬೇಡಿ, ನುಂಗಿ ಅಂದೆ. "ಅಗೀಲಾರದ ನುಂಗಾಕ ಇದೇನ್ ಗುಳಿಗೀ?" ಅಂದಳು. ಮಾತೂ ಹಾಗೇ. ನಾನು 'ಬತ್ತೀನಿ ಕಣವ್ವ' ಅಂದರೆ ಬೀದಿಯ ಮಕ್ಕಳು ಹಿಂದಿನಿಂದ ಅದನ್ನೇ ಹಾಡುವವು. ಮೊದಲ ಆರು ತಿಂಗಳು ನಾನು ಹೊಸ್ತಿಲು ದಾಟಲು ನಾಚುತ್ತಿದ್ದೆ. ಪವಿತ್ರ ಬೆಳಗ್ಗೆ ಹೋದರೆ ಸಂಜೆಗೆ. ಸೊಸೆ ಹೊಲಿಗೆ ಯಂತ್ರದ ಮುಂದೆ. ನಾನು ಗೋಡೆಯ ಮೇಲೆ ಹೋಗುವ ನೆರಳು ಎಣಿಸುತ್ತಾ ಕೂರುವುದು.

ಆ ಕೂರಾಟ ತಾಳಲಾರದೆ ನಾನು ಮಾಡಿದ ಒಂದು ಘನಂದಾರಿ ಕೆಲಸ ಹೇಳಬೇಕು. ಶಂಕ್ರವ್ವನದು ಮೆಣಸಿನಕಾಯಿ ಬೆಳೆ. ಕಣದಲ್ಲಿ ಹರವಿ ಒಣಗಿಸಿ, ಸಂಜೆ ರಾಶಿ ಮಾಡಿ ಮೇಲೆ ತಾಡಪಾಲು ಹೊದಿಸುತ್ತಾರೆ. ಮುಟ್ಟಿ ನೋಡಿದರೆ ಕಾಯಿ ಗಲಗಲ ಅನ್ನುತ್ತಿತ್ತು. ನಮ್ಮ ಬ್ಯಾರನಿನಲ್ಲಿ ಸೊಪ್ಪು ಬೆಂದ ಮೇಲೆ ಹೀಗೇ ಗಲಗಲ ಅನ್ನುತ್ತದೆ. ಹಾಗೇ ಇಳಿಸಿದರೆ ಪುಡಿ ಪುಡಿ. ಅದಕ್ಕೆ ಬಾಗಿಲು ತೆರೆದು ಮುಂಜಾನೆಯ ಮಂಜು ಕುಡಿಸುತ್ತೇವೆ, ಸೊಪ್ಪು ಹದಕ್ಕೆ ಬಂದು ಮೆತ್ತಗಾಗುತ್ತದೆ. ಇದು ಗೊತ್ತಿಲ್ಲದ ಜನ ಪಾಪ ಅಂದುಕೊಂಡು, ನಾನು ಮೂರು ದಿನ ಹೊತ್ತಿಗೆ ಮುಂಚೆ ಎದ್ದು, ಉಪಕಾರ ಮಾಡುವವಳ ಹಾಗೆ ತಾಡಪಾಲು ಸರಿಸಿ ಮೆಣಸಿನಕಾಯಿಗೆ ಇಬ್ಬನಿ ಕುಡಿಸಿ, ಬಿಸಿಲು ಬರುವ ಮುಂಚೆ ಮತ್ತೆ ಹೊದಿಸಿದೆ. ನಾಲ್ಕೈದು ದಿನಕ್ಕೆ ರಾಶಿಯ ಮೇಲ್ಪದರಕ್ಕೆ ಬೂಷ್ಟು ಹಿಡಿಯಿತು. ಕೆಂಪಗೆ ಹೊಳೆಯುತ್ತಿದ್ದ ಕಾಯಿಗೆ ಬಿಳಿ ಮಚ್ಚೆ.

ನಾನೇ ಹೋಗಿ ಹೇಳಿಕೊಂಡೆ. ಬೈಯುತ್ತಾಳೆ, ಮನೆ ಬಿಡಿ ಅನ್ನುತ್ತಾಳೆ ಅಂತ ಗಂಟು ಕೂಡ ಮನಸ್ಸಿನಲ್ಲಿ ಕಟ್ಟಿದ್ದೆ. ಅವಳು ಒಂದು ಕಾಯಿ ಮುರಿದು ಒಳಗೆ ನೋಡಿ, "ಮೈಸೂರವ್ವಾ, ನಿಮ್ಮ ತಂಬಾಕಿಗೆ ಮಂಜು ಅಮೃತ, ನಮ್ಮ ಕಾಯಿಗೆ ಅದ ವಿಷ. ಕೂಡ್ರಿನ್ನ, ಇಬ್ಬರೂ ಆರಿಸೂಣು," ಅಂದಳು.

ಕೂತೆ. ಮೂರು ದಿನ ಇಬ್ಬರೂ ಆರಿಸಿದೆವು. ಸೊಪ್ಪಿನ ಬಣ್ಣ ನೋಡಿ, ಬೆರಳಲ್ಲಿ ಮುಟ್ಟಿ, ಹತ್ತಾರು ಬಗೆ ಬೇರೆ ಮಾಡಿ ಮುದುಕಿಯಾದ ಕೈ ಇದು. ಕೆಟ್ಟದ್ದನ್ನು ತೆಗೆಯುತ್ತಾ ತೆಗೆಯುತ್ತಾ ಒಳ್ಳೆಯದನ್ನೂ ಬಣ್ಣಕ್ಕೆ ಒಂದು, ಸುಕ್ಕಿಗೆ ಒಂದು, ಉದ್ದಕ್ಕೆ ಒಂದು ಅಂತ ಗುಡ್ಡೆ ಹಾಕಿದೆ. ಮಂಡಿಯಲ್ಲಿ ಆ ಗುಡ್ಡೆಗಳನ್ನು ನೋಡಿದ ವ್ಯಾಪಾರಿ ಇದನ್ನು ಆರಿಸಿದವರು ಯಾರು ಅಂತ ಕೇಳಿದನಂತೆ. ಮುಂದಿನ ಸುಗ್ಗಿಗೆ ಓಣಿಯ ನಾಲ್ಕು ಮನೆಯವರು ನನ್ನನ್ನು ಕರೆದರು. ನನಗೂ ಈ ಊರಲ್ಲಿ ಕೆಲಸ ಹುಟ್ಟಿತು. ಓಣಿಯಲ್ಲಿ ಯಾರಾದರೂ ಇವರ‍್ಯಾರು ಅಂದರೆ ಶಂಕ್ರವ್ವ "ನಮ್ಮಾಕಿ" ಅನ್ನತೊಡಗಿದಳು. ಆ ಮಾತು ಕೇಳಿದ ದಿನ ನಾನು ಸೊಸೆಗೂ ಹೇಳದೆ ಒಳಗೆ ಹೋಗಿ ಅತ್ತೆ.

ಇಂಥ ಮನೆಯವರ ಬಾಯಿಂದ ನಮ್ಮ ಹುಡುಗಿ ತುತ್ತು ಕಿತ್ತುಕೊಂಡ ಹಾಗಾಯಿತಲ್ಲ, ಅದನ್ನೇ ಹೇಳಲು ಹೊರಟದ್ದು.

ಶಂಕ್ರವ್ವನಿಗೆ ಒಬ್ಬನೇ ಮಗ, ಈರಣ್ಣ. ಮೂವತ್ತು ದಾಟಿದ ಆಳು, ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಹೊಲದಲ್ಲಿ ಫ್ಯಾನು ನಿಲ್ಲಿಸಲು ಕೇಳಿ ಬಂದಾಗ ಮನೆಯ ಮಗನಿಗೆ ಒಳ್ಳೆ ಕೆಲಸ ಕೊಡುತ್ತೇವೆ ಅಂದಿದ್ದರಂತೆ. ಕಾಗದದಲ್ಲಿ ಅಲ್ಲ, ಬಾಯಲ್ಲಿ. ಕೊಟ್ಟದ್ದು ವಾಚ್‌ಮನ್ ಕೆಲಸ. ತನ್ನದೇ ಹೊಲದಲ್ಲಿ, ತನ್ನಪ್ಪ ಉಳುತ್ತಿದ್ದ ಜಾಗದಲ್ಲಿ, ಫ್ಯಾನಿನ ಬುಡದ ಗೂಡಿನಲ್ಲಿ ಬ್ಯಾಟರಿ ಹಿಡಿದು ಕೂರುವುದು. ಮೇಲೆ ಹುಟ್ಟುವ ಕರೆಂಟು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ. ಕೆಳಗೆ ಶಂಕ್ರವ್ವನ ಅಡುಗೆಮನೆಯಲ್ಲಿ ಕರೆಂಟು ಹೋದರೆ ಚಿಮಣಿ ದೀಪ ಹಚ್ಚುತ್ತಾಳೆ. ಫ್ಯಾನು ಮಾತ್ರ ತಿರುಗುತ್ತಲೇ ಇರುತ್ತದೆ.

ಈರಣ್ಣ ದಡ್ಡನಲ್ಲ. ಭಾನುವಾರ ಬಂದರೆ ಪಡಸಾಲೆಯಲ್ಲಿ ಪವಿತ್ರ ವಯರು, ಸ್ವಿಚ್ಚು ಹರವಿಕೊಂಡು ಕೂತರೆ ಅವನೂ ಕೂರುತ್ತಿದ್ದ. ಅವಳು ಒಂದು ಸಲ ಹೇಳಿದ್ದನ್ನು ಅವನಿಗೆ ಮತ್ತೆ ಹೇಳಬೇಕಿರಲಿಲ್ಲ. ಒಂದು ದಿನ ರೆಕ್ಕೆಯ ಸದ್ದು ಎಂದಿನಂತಿಲ್ಲ ಅಂತ ಮಲಗಿದಲ್ಲಿಂದಲೇ ಹೇಳಿದ. ಮರುದಿನ ಪವಿತ್ರ ಮೇಲೆ ಹತ್ತಿ ನೋಡಿದರೆ ಒಂದು ಬೋಲ್ಟು ಸಡಿಲವಾಗಿತ್ತು. ಹತ್ತು ವರ್ಷ ಆ ಸದ್ದಿನ ಕೆಳಗೆ ಬದುಕಿದವನ ಕಿವಿ ಅದು. ನನ್ನ ಯಜಮಾನರು ಬ್ಯಾರನ್ ಗೋಡೆಗೆ ಅಂಗೈ ಇಟ್ಟು ಒಳಗಿನ ಸೆಕೆ ಹೇಳುತ್ತಿದ್ದರು, ಹಾಗೇ.

ಈ ಸಲ ಗುತ್ತಿಗೆಯವರಲ್ಲಿ ಒಬ್ಬರನ್ನು ಖಾಯಂ ಮಾಡುತ್ತೇವೆ ಅಂತ ಕಂಪನಿಯವರು ಹೇಳಿದಾಗ ಇಬ್ಬರೂ ಅರ್ಜಿ ಹಾಕಿದರು. ಒಂದೇ ಜಾಗ, ಒಂದೇ ಅಂಗಳದ ಇಬ್ಬರು. ನಾನು ದೇವರಿಗೆ ಪವಿತ್ರಳ ಹೆಸರೇ ಹೇಳಿ ಹರಕೆ ಹೊತ್ತೆ, ಸುಳ್ಳು ಯಾಕೆ ಹೇಳಲಿ. ಗೋಡೆಯ ಆಚೆ ಶಂಕ್ರವ್ವನೂ ಹೊತ್ತಿರುತ್ತಾಳೆ ಅಂತ ಗೊತ್ತಿತ್ತು. ಆ ಹದಿನೈದು ದಿನ ನಾವಿಬ್ಬರೂ ಮಳೆ, ಎಮ್ಮೆ, ಮಂಡಿನೋವು ಇವುಗಳನ್ನು ಮಾತ್ರ ಮಾತಾಡಿದೆವು.

ಕಾಗದ ಬಂದ ದಿನ ಪವಿತ್ರ ಮಧ್ಯಾಹ್ನವೇ ಅಂಗಳಕ್ಕೆ ಬಂದವಳು ಒಳಗೆ ಬರದೆ ನಿಂತಳು. ಹೆಲ್ಮೆಟ್ಟು ಕಂಕುಳಲ್ಲಿತ್ತು.

"ಆಯ್ತು ಕಣಜ್ಜಿ," ಅಂದಳು.

ಆಗಲೇ ನಾನು ಕುಣಿದದ್ದು. ಕೂತ ಮೇಲೆ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು. ಯಾಕ್ ಮಗಾ ಅಂದೆ.

"ಈರಣ್ಣಂಗೆ ಸರ್ಟಿಪಿಕೇಟ್ ಇಲ್ಲ ಅಂತ ಅರ್ಜಿನೇ ತಗೀಲಿಲ್ವಂತೆ ಅಜ್ಜಿ. ನೋಡೂ ಇಲ್ಲ ಅವರು. ನಾನು ಅಂಗೇ ಬತ್ತಾ ದಾರೀಲಿ ಅವನ್ನ ದಾಟ್ಕಂಡು ಬಂದೆ. ಮಾತಾಡ್ಸಕ್ಕಾಗ್ಲಿಲ್ಲ."

ನಮ್ಮ ಕಡೆ ಒಳ್ಳೆ ಸುದ್ದಿಗೆ ಸಕ್ಕರೆ ಹಂಚದಿದ್ದರೆ ಆಗದು. ಹಂಚಿದರೆ ಚುಚ್ಚಿದ ಹಾಗೆ, ಹಂಚದಿದ್ದರೆ ಹೊರಗಿಟ್ಟ ಹಾಗೆ. ತಟ್ಟೆ ಹಿಡಿದು ಹೋದೆ. ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕೈಯ ತಟ್ಟೆ ನೋಡಿ ಅವಳ ಕೈ ನಿಂತಿತು. ಹಿಟ್ಟಿನ ಬೆರಳಲ್ಲೇ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಛಲೋ ಆತು ಬಿಡವ್ವಾ. ಹೆಣ್ಣುಮಗಳು ಗೆದ್ದಳು." ಮತ್ತೆ ಬಡಿಯತೊಡಗಿದಳು. ಎರಡು ಬಡಿತದ ಮೇಲೆ ಹೇಳಿದಳು, "ಹೊಲ ನಮ್ಮದು, ಗಾಳಿ ನಮ್ಮದು. ಕೆಲಸ ಅಷ್ಟ ದೂರದವ್ರದ್ದು. ನಿಮಗ ಅಂದಿದ್ದಲ್ಲ ಇದು."

ನನಗೇ ಅಂದದ್ದು. ಅನ್ನಲಿ. ನಾನಾದರೂ ಅನ್ನುತ್ತಿದ್ದೆ. ನಮ್ಮ ಬ್ಯಾರನ್ ಜಾಗದಲ್ಲಿ ನಾಳೆ ಬಿಸಿಲಿನ ಹಲಗೆ ಹಾಕಿ, ಗದಗದ ಹುಡುಗಿಯನ್ನು ತಂದು ಕೆಲಸಕ್ಕೆ ಕೂರಿಸಿ, ನನ್ನ ರಾಜಣ್ಣನಿಗೆ ಕಾಯುವ ಕೋಲು ಕೊಟ್ಟರೆ ನಾನು ಸಕ್ಕರೆ ತಟ್ಟೆಯನ್ನೇ ಎಸೆಯುತ್ತಿದ್ದೆನೇನೋ. ಇವಳು ಒಂದು ಚಿಟಿಕೆ ತಿಂದಳು. ಕಂಬ ತರುವ ಮೊದಲು ಕಲಿಸುವವರನ್ನು ತಂದಿದ್ದರೆ ಏನು ಹೋಗುತ್ತಿತ್ತು? ಫ್ಯಾನಿನ ರೆಕ್ಕೆಯನ್ನು ಅಷ್ಟುದ್ದದ ಲಾರಿಯಲ್ಲಿ, ಊರಿನ ಗಿಡಮರ ಕಡಿದು ದಾರಿ ಮಾಡಿ ತಂದರಂತೆ. ಒಂದು ಐ.ಟಿ.ಐ. ತರಲು ದಾರಿ ಸಾಲಲಿಲ್ಲ. ನಮ್ಮಲ್ಲಿ ಐ.ಟಿ.ಐ. ಇದೆ, ಫ್ಯಾನಿಲ್ಲ. ಇಲ್ಲಿ ಫ್ಯಾನಿದೆ, ಹತ್ತಿರದಲ್ಲಿ ಐ.ಟಿ.ಐ. ಇಲ್ಲ. ಕಲಿತವರು ಊರು ಬಿಡಬೇಕು, ಊರಲ್ಲಿದ್ದವರು ವಾಚ್‌ಮನ್ ಆಗಬೇಕು. ಈ ಲೆಕ್ಕ ಹಾಕಿದ ಪುಣ್ಯಾತ್ಮರು ಯಾವ ಊರಿನವರೋ. ಹಸಿರು ಕೆಲಸ, ಹಸಿರು ಕರೆಂಟು ಅಂತ ಕಂಪನಿ ಗೋಡೆಯ ಮೇಲೆ ಬರೆದಿದೆ. ಹಸಿ ಹೊಗೆಸೊಪ್ಪೂ ಹಸಿರೇ ಇತ್ತು.

ಆ ಸೊಪ್ಪಿನದು ಇನ್ನೊಂದು ಗುಣವಿದೆ. ಮುರಿದಾಗ ಅದರ ಅಂಟು ಕೈಗೆ ಹತ್ತಿ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಅನ್ನಕ್ಕೆ ಕಹಿ ಬರುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಸೊಪ್ಪು ಮುರಿಯುವ ದಿನ ಒಬ್ಬಳು ಸೊಪ್ಪು ಮುಟ್ಟದೆ ಉಳಿಯುತ್ತಿದ್ದಳು. ಎಲ್ಲರನ್ನೂ ಸಾಲಾಗಿ ಕೂರಿಸಿ ಅವಳೇ ಬಾಯಿಗೆ ತುತ್ತು ಇಡಬೇಕು, ಯಜಮಾನನಿಗೂ, ಕೂಲಿಗೆ ಬಂದವರಿಗೂ. ಕೈ ಕಹಿಯಾದವರು ನೆಂಟರೋ ಆಳೋ ಅಂತ ನೋಡುವ ಹಾಗಿಲ್ಲ.

ನಿಮ್ಮ ಮನೆಯವರೆಲ್ಲ ಇವತ್ತು ನಮ್ಮಲ್ಲಿಗೇ ಊಟಕ್ಕೆ ಬನ್ನಿ ಅಂದೆ ಶಂಕ್ರವ್ವನಿಗೆ. ನೋಡೂಣು ಅಂದಳು.

ಬರುವುದಿಲ್ಲ ಅಂದುಕೊಂಡೇ ಅಡುಗೆ ಮಾಡಿದೆ. ಅವರು ಬರದೆ ಹೋದರೆ ನಾಳೆಯಿಂದ ಈ ಅಂಗಳದಲ್ಲಿ ಹೇಗೆ ಇರುವುದು, ಯಾರ ಬಾಯಲ್ಲಿ ನಾನು ನಮ್ಮಾಕಿ? ಊರಿಗೆ ಹೋಗಿಬಿಡೋಣವೇ ಅಂದರೆ, ಹೋದ ಹಬ್ಬಕ್ಕೆ ಹೋಗಿದ್ದೆನಲ್ಲ, ಅಲ್ಲಿ ರೆಕ್ಕೆಯ ಸದ್ದಿಲ್ಲದೆ ಕಣ್ಣು ಮುಚ್ಚಲಿಲ್ಲ. ನನ್ನ ಬಾಯಲ್ಲಿ 'ಛಲೋ' ಬಂದದ್ದಕ್ಕೆ ತಂಗಿಯ ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಅಲ್ಲಿ ಗದಗದ ಅಜ್ಜಿ, ಇಲ್ಲಿ ಮೈಸೂರವ್ವ. ಮಿರ್ಲೆಯಿಂದ ತಂಗಿ ಕಳಿಸಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ತೊಳಸಿದೆ. ಅವರೆಕಾಳಿನ ಸಾರಿಗೆ ಶಂಕ್ರವ್ವನ ಮೆಣಸಿನಕಾಯಿಯ ಖಾರ ಹಾಕಿದೆ.

ಬೆಳಕು ಇನ್ನೂ ಇತ್ತು. ರಾಜಣ್ಣ, ಮಂಜುಳ, ಪವಿತ್ರ ಕೂತರು. ಆಗ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ ಹಿಡಿದು ಶಂಕ್ರವ್ವ ಬಂದಳು. ನನ್ನ ಎರಡು ಮೆತ್ತನೆಯವು ಮೇಲೇ ಇದ್ದವು. ಪವಿತ್ರ ಎದ್ದು ಜಾಗ ಬಿಟ್ಟಳು. ಯಾರೂ ಈರಣ್ಣನ ಹೆಸರು ಎತ್ತಲಿಲ್ಲ. ಅವನೇ ಬಂದ. ವಾಚ್‌ಮನ್ ಅಂಗಿ ತೊಟ್ಟು, ಕಂಕುಳಲ್ಲಿ ಬ್ಯಾಟರಿ ಸಿಕ್ಕಿಸಿಕೊಂಡು ಹೊಸ್ತಿಲ ಆಚೆ ನಿಂತ. ಕೈಯೆಲ್ಲ ಗ್ರೀಸು. ಡ್ಯೂಟಿಗೆ ಹೋಗುವ ದಾರಿಯಲ್ಲಿ ರಾಜಣ್ಣನ ಜೀಪಿನ ಚಕ್ರ ಕಿರುಗುಡುತ್ತಿದ್ದುದನ್ನು ತಾನೇ ಬಿಚ್ಚಿ ಸರಿಮಾಡಿ ಬಂದಿದ್ದ.

"ಛಲೋ ಆತು ತಂಗೆವ್ವಾ," ಅಂದ ಪವಿತ್ರಳಿಗೆ.

ಪವಿತ್ರ ತಲೆ ಎತ್ತಲಿಲ್ಲ. "ಗದಗದಾಗೆ ಸಂಜೆ ಕ್ಲಾಸ್ ಐತಾ ಕೇಳ್ಕಂಡು ಬತ್ತೀನಿ ಕಣಣ್ಣ. ನಾನು ಕಲ್ಸಬೋದು, ಕಾಗ್ದ ಕೊಡಕ್ಕಾಗಲ್ವಲ್ಲ."

"ಸಂಜಿಗೆ ಕಲಿಯಾಕ ಹ್ವಾದ್ರ ಫ್ಯಾನ್ ಕಾಯಾವ್ರು ಯಾರು?" ಅಂತ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಬಾ, ಉಣ್ಣು ಅಂದೆ. ಕೈ ಹೊಲಸಾಗೈತಿ, ಹೊತ್ತಾತು ಅಂದ.

ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಎದ್ದು ಹೋದೆ. "ನಮ್ಮನೇಲಿ ಕೈ ಕೊಳೆ ಆದೋರ್ಗೆ ನಾವೇ ಉಣ್ಸೋದು ಕಣಪ್ಪ. ಬಾಯಿ ತಗಿ," ಅಂದೆ. ಮೀಸೆ ಹೊತ್ತ ಆಳು, ತಾಯಿಯ ಮುಖ ನೋಡಿದ. ಶಂಕ್ರವ್ವ ರೊಟ್ಟಿ ಮುರಿಯುತ್ತಾ ತಲೆ ತಗ್ಗಿಸಿದ್ದಳು. ಅವನು ಬಾಯಿ ತೆರೆದ.

"ಅಗೀಬ್ಯಾಡೋ, ನುಂಗು," ಅಂದಳು ಶಂಕ್ರವ್ವ, ತಲೆ ಎತ್ತದೆಯೇ.

ನುಂಗಿದ. ಹೊಸ್ತಿಲ ಆಚೆಯೇ ನಿಂತು ನಾಲ್ಕು ತುತ್ತು ತಿಂದ, ಒಳಗೆ ಬರಲಿಲ್ಲ. ಆಮೇಲೆ ಬ್ಯಾಟರಿ ಸರಿಮಾಡಿಕೊಂಡು, ತನ್ನ ಹೊಲದ ಬದುವಿನ ಮೇಲೆ ಹಾದು, ಫ್ಯಾನು ಕಾಯಲು ಹೋದ. ಹೊತ್ತು ಇಳಿಯುತ್ತಿತ್ತು. ನಾನು ಬಂದು ಶಂಕ್ರವ್ವನ ಪಕ್ಕ ಕೂತೆ. ಅವಳು ಒಂದು ಮೆತ್ತನೆ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು, ನಾನು ಒಂದು ಮುದ್ದೆಯನ್ನು ಅವಳ ತಾಟಿಗೆ ಇಟ್ಟೆ. ಎಲ್ಲರೂ ಉಂಡೆವು.